ಪುಟ ನೋಡಿಕೊಳ್ಳುವವರು

"ಮೇಡಮ್ಮಾರ, ನಿಮಗೊಂದು ಸಲಾಮ ಹೇಳಾಕ ಫೋನ್ ಮಾಡೀನ್ರಿ. ನೀವು ಬರದದ್ದು ಓದಕೋತ ನಮ್ಮ ಕಂಪ್ಯೂಟರಿಗೆ ಹೊಸಾದು ಹಾಕಾಕತ್ತೀನಿ."

ಸುಶ್ಮಿತಾ ರೊಟ್ಟಿ ಮುರಿಯುತ್ತಿದ್ದ ಕೈ ನಿಲ್ಲಿಸಿದಳು. ಮಾತಾಡುತ್ತಿದ್ದವನು ಹಳೇ ಬಾಗಲಕೋಟೆಯಲ್ಲಿ ಫೋಟೋ ಸ್ಟುಡಿಯೋ ಇಟ್ಟಿರುವ ಅಹ್ಮದಸಾಬ. ಹತ್ತಾರು ದೇಶದ ಜನ ಬಿಡುವಿನಲ್ಲಿ ಸೇರಿ ಕಟ್ಟಿದ, ಯಾರು ಬೇಕಾದರೂ ಪುಕ್ಕಟೆ ಬಳಸಬಹುದಾದ ಆಪರೇಟಿಂಗ್ ಸಿಸ್ಟಮ್ ಒಂದಿದೆ. ಅದನ್ನು ಕಂಪ್ಯೂಟರಿಗೆ ಹಾಕಿಕೊಳ್ಳುವುದು ಹೇಗೆ ಎಂದು ಮೂರು ವರ್ಷದ ಹಿಂದೆ ಕನ್ನಡದಲ್ಲಿ ಬರೆದು ಇಂಟರ್‌ನೆಟ್ಟಿಗೆ ಏರಿಸಿದವಳು ಅವಳು. ಆ ಪುಟದ ಕೊನೆಯಲ್ಲಿದ್ದ ಅವಳ ನಂಬರಿಗೆ ಫೋನು ಹಚ್ಚಿ, ಓದಿದೆ ಎಂದು ಬಾಯಿಬಿಟ್ಟು ಹೇಳಿದ ಮೊದಲ ಮನುಷ್ಯ ಈತ. ನವನಗರದ ಕಾಲೇಜಿನ ಸ್ಟಾಫ್ ರೂಮಿನಲ್ಲಿ ಕೂತಲ್ಲೇ ಅವಳಿಗೆ ಹಿಗ್ಗು ತಡೆಯಲಾಗಲಿಲ್ಲ.

"ಖರೇನ ಚಾಚಾ? ತಿಳಿಯೂವಂಗ ಐತೇನ್ರಿ?"

"ಭಾಳ ಚಲೋ ಐತ್ರಿ. ಮೊನ್ನಿ ಬಿಟ್ಟಾರಲ್ಲ, ಅದನ್ನ ಇಳಿಸಿಕೊಂಡೀನಿ. ಮುಳುಗಡಿ ಫೋಟೋ ಎಲ್ಲಾ ಇದರಾಗ ಅದಾವ, ಅದಕ್ಕ ಸ್ವಲ್ಪ ಹೆದರಿಕಿ ಇತ್ತು. ಇರ್ರಿ, ನಮಾಜಿಗೆ ಹೊತ್ತಾತು. ಅಷ್ಟರಾಗ ಮುಗಿಸಿಬಿಡ್ತೇನಿ."

ಫೋನು ಕಟ್ಟಾಯಿತು. ಮೊನ್ನೆ ಬಿಟ್ಟಿದ್ದು ಎಂಬ ಮಾತು ಅವಳ ಎದೆಯಲ್ಲಿ ಕೂತುಬಿಟ್ಟಿತು. ಪುಟ ತೆರೆದು ನೋಡಿದಳು. "ಮೊದಲನೆಯದನ್ನು ಆರಿಸಿ" ಎಂದಿತ್ತು. ಆಗ ಮೊದಲನೆಯದೆಂದರೆ ಇದ್ದದ್ದನ್ನು ಹಾಗೇ ಉಳಿಸಿಕೊಂಡು ಪಕ್ಕದಲ್ಲಿ ಹೊಸದನ್ನು ಹಾಕುವುದು. ಹೊಸ ಆವೃತ್ತಿಯಲ್ಲಿ ಸಾಲು ಹಿಂದುಮುಂದಾಗಿತ್ತು. ಈಗ ಮೊದಲನೆಯದೆಂದರೆ ಇದ್ದದ್ದನ್ನೆಲ್ಲ ಅಳಿಸಿ ಹಾಕುವುದು.

ಅವಳಿಗೆ ಗೊತ್ತಿರಲಿಲ್ಲ ಎಂದಲ್ಲ. "ಹೊಸ ಆವೃತ್ತಿ ಬರ್ತಿದೆ, ಕನ್ನಡ ಪುಟ ಯಾರು ನೋಡ್ಕೋತೀರಿ?" ಎಂದು ಈ ಕೆಲಸ ಮಾಡುವವರ ವಾಟ್ಸಾಪ್ ಗುಂಪಿನಲ್ಲಿ ಯಾರೋ ಕೇಳಿದ್ದರು. ಎಲ್ಲರೂ ಹೆಬ್ಬೆರಳು ಎತ್ತಿದ್ದರು, ಅವಳೂ ಎತ್ತಿದ್ದಳು. ಇಷ್ಟು ಬೆರಳು ಎದ್ದಿವೆಯಲ್ಲ, ಯಾರಾದರೂ ನೋಡುತ್ತಾರೆ ಎಂದುಕೊಂಡು ಪ್ರತಿಯೊಬ್ಬರೂ ತಮ್ಮ ತಮ್ಮ ಕೆಲಸಕ್ಕೆ ಹೋಗಿದ್ದರು. ಸೇವೆ ಅಂದರೆ ನಮ್ಮಲ್ಲಿ ಹೀಗೇ.

ಮತ್ತೆ ಮತ್ತೆ ಫೋನು ಹಚ್ಚಿದಳು. ಮೊದಲು ಎತ್ತಲಿಲ್ಲ, ಆಮೇಲೆ ಸ್ವಿಚ್ ಆಫ್. ಬುತ್ತಿ ತೆರೆದದ್ದು ತೆರೆದಂತೆಯೇ ಬಿಟ್ಟು ಸ್ಕೂಟಿ ಹತ್ತಿದಳು. ದಾರಿಯುದ್ದಕ್ಕೂ "ಒತ್ತಬ್ಯಾಡ್ರಿ ಚಾಚಾ, ಒತ್ತಬ್ಯಾಡ್ರಿ" ಎಂದು ಬಾಯಲ್ಲಿ ಒಂದೇ ಸಮ ನಡೆದಿತ್ತು. ಹಳೇ ಊರಿನ ಓಣಿಗಳನ್ನು ಮುಳುಗಿಸಿದ ಆಣೆಕಟ್ಟಿನ ಹಿನ್ನೀರಿನ ಕಡೆ ಅವಳು ತಿರುಗಿಯೂ ನೋಡಲಿಲ್ಲ.

ಸ್ಟುಡಿಯೋದ ಶಟರ್ ಇಳಿದಿತ್ತು. ಮೆಟ್ಟಿಲ ಮೇಲೆ ಮುದುಕಿಯೊಬ್ಬಳು ಕೂತಿದ್ದಳು.

"ನಮಾಜಿಗೆ ಹೋಗ್ಯಾನ, ಬರ್ತಾನ. ಕುಂದರ ಯವ್ವಾ."

"ಕಂಪ್ಯೂಟರ್ ಬಂದ್ ಮಾಡಿ ಹೋಗ್ಯಾರೇನ ಆಯಿ?"

"ಅದೆಲ್ಲಾ ಈ ಯಮನವ್ವಗ ಏನ ತಿಳೀತೈತಿ? ನಾ ನಮ್ಮ ಹಳೇ ಮನಿ ಫೋಟೋ ಪ್ರಿಂಟ್ ತಗಸಾಕ ಬಂದೀನಿ. ನೀರ ಬರೂಕಿಂತ ಮೊದಲ ಓಣಿ ಓಣಿ ತಿರಗಿ ಎಲ್ಲಾರ ಮನೀನೂ ತಗದಾನ, ಪುಣ್ಯಾತ್ಮ. ಬಾಗಲದಾಗ ನಮ್ಮವ್ವ ನಿಂತಾಳ ನೋಡು. ಆಕೀದು ಬ್ಯಾರೆ ಫೋಟೋನ ಇಲ್ಲ."

ಸುಶ್ಮಿತಾಳಿಗೆ ಕೂರಲಾಗಲಿಲ್ಲ. ಶಟರಿಗೆ ಕಿವಿ ಹಚ್ಚಿದಳು. ಒಳಗೆ ಫ್ಯಾನಿನ ಸಣ್ಣ ಗುಂಯ್ ಎನ್ನುವ ಸದ್ದು. ಕಂಪ್ಯೂಟರ್ ಅಪ್ಪಣೆಗಾಗಿ ಕಾಯುತ್ತಿದೆಯೋ, ಕೆಲಸ ಮುಗಿಸುತ್ತಿದೆಯೋ? ಅತ್ತ ಹೋದಳು, ಇತ್ತ ಬಂದಳು, ಮತ್ತೆ ಕಿವಿ ಹಚ್ಚಿದಳು.

"ಏನವ್ವ, ಕಾಲಿಗೆ ಚಕ್ರ ಕಟ್ಟಿಕೊಂಡು ಬಂದೀಯೇನು?" ಯಮನವ್ವ ನಕ್ಕಳು.

ಕೊನೆಗೂ ಅಹ್ಮದಸಾಬ ಬಂದ. ಅವಳು ಯಾರೆಂದು ಹೇಳುತ್ತಲೇ ಮುಖ ಅರಳಿತು. "ನೀವ ಬಂದ್ರೇನ್ರಿ! ಒಂದು ಫೋನಿಗೆ?" ಶಟರ್ ಅರ್ಧ ಏರುವಷ್ಟರಲ್ಲಿ ಅವಳು ಬಗ್ಗಿ ಒಳಗೆ ನುಗ್ಗಿದ್ದಳು.

ಪರದೆಯ ತುಂಬ ತಿಳಿನೀಲಿ. ಹಳೆಯದರ ಗುರುತು ಒಂದೂ ಇರಲಿಲ್ಲ.

"ಚಾಚಾ, ಫೋಟೋ ಬ್ಯಾರೆ ಎಲ್ಲೆರ ಇಟ್ಟೀರೇನ್ರಿ? ನೆಗೆಟಿವ್?"

"ಅವೆಲ್ಲಾ ಬೂಸಲ ಹಿಡದು ಹೋದ್ವು. ಇದರಾಗ ಅದಾವಲ್ಲರಿ, ಸಾಕು." ಆತ ಯಮನವ್ವನಿಗೆ ಸ್ಟೂಲು ಎಳೆದು ಕೊಟ್ಟ. ಅವಳು ಸೆರಗಿನಿಂದ ಚಷ್ಮಾ ಒರೆಸಿಕೊಂಡು, ಪರದೆಗೆ ಮುಖ ಹತ್ತಿರ ಮಾಡಿ ಕೂತಳು.

"ತಗಿಯಪಾ, ನಮ್ಮವ್ವನ್ನ ನೋಡೂಣು."

"ತಗೀತೇನಿ, ತಡಿ." ಆತ ಕೈಯನ್ನು ಮೌಸಿನ ಮೇಲಿಟ್ಟು, ಸುಶ್ಮಿತಾಳ ಕಡೆ ತಿರುಗಿ ಪ್ರೀತಿಯಿಂದ ನಕ್ಕ. "ನಡುವ ಒಂದ ಸಲ ಎದಿ ಝಲ್ ಅಂತು ನೋಡ್ರಿ. ಇಂಗ್ಲಿಷಿನ್ಯಾಗ ಕೆಂಪ ಅಕ್ಷರ ಬಂದ್ವು. ಅಂಜಿ ಕೈ ತಗದಬಿಟ್ಟಿದ್ದೆ. ಆಮ್ಯಾಲ ನಿಮ್ಮ ಪುಟ ನೋಡತೇನಿ, ಅಲ್ಲೇ ಬರದೀರಿ: 'ಇಲ್ಲಿ ಇಂಗ್ಲಿಷಿನಲ್ಲಿ ಏನೋ ಕೇಳುತ್ತದೆ. ಹೆದರಬೇಡಿ, ಹೌದು ಒತ್ತಿ.'"