ಮರಿಯಂತೆ ಅಳುವ ಪೀಪಿ

ಮಗಳು ಬರ್ತ್‌ಡೇ ಪಾರ್ಟಿಯಿಂದ ತಂದ ಪ್ಲಾಸ್ಟಿಕ್ ಪೀಪಿಯನ್ನು ನಿನ್ನೆ ತೊಳೆಯುವಾಗ, ಎಂಜಲು ಹತ್ತಿದ ಪ್ಲಾಸ್ಟಿಕ್ಕಿನ ಆ ವಾಸನೆ ಮತ್ತೆ ಮೂಗಿಗೆ ಬಂತು.

ನನಗಾಗ ಒಂಬತ್ತು ವರ್ಷ. ಧಾರವಾಡದ ಕಡೆಯ ನನ್ನ ಸೋದರಮಾವ ಹೇವರ್ಡ್‌ನ ಗೋದಾಮೊಂದರಲ್ಲಿ ಕೆಲಸ ಮಾಡುತ್ತಿದ್ದ. ಲಿವರ್‌ಮೋರ್ ಆಚೆ ಅವನ ಗೆಳೆಯನ ಕುರಿಮರಿಗಳನ್ನು ಕಯೋಟಿಗಳೆಂಬ ಅಮೆರಿಕದ ಕಾಡುನಾಯಿಗಳು ಹೊತ್ತೊಯ್ಯುತ್ತಿದ್ದವು. ಮಾಮನ ಬಾಯಲ್ಲಿ ಅವೂ ತೋಳಗಳೇ. ಒಂದು ಮಧ್ಯಾಹ್ನ ನನ್ನನ್ನೂ ಅಲ್ಲಿಗೆ ಕರೆದೊಯ್ದ. ಒಣಹುಲ್ಲಿನಲ್ಲಿ ಬೋರಲು ಮಲಗಿ ರೈಫಲ್ಲನ್ನು ಹೆಗಲಿಗೆ ಒತ್ತಿಕೊಂಡು, ಬೇಟೆಯ ಪೀಪಿಯನ್ನು ನನ್ನ ಕೈಗಿಟ್ಟ. ಅವನು ಊದಿದರೆ ಬರೀ ಗಾಳಿ ಬರುತ್ತಿತ್ತು.

"ತೋಳದ ಮರಿ ಅತ್ತಂಗ ಊದು. ಅದರವ್ವ ಓಡಿ ಬರ್ತಾಳ."

ನಾನು ಚೆನ್ನಾಗಿ ಊದಿದೆ. ಅವಳು ಗುಡ್ಡ ಇಳಿದು ನೇರವಾಗಿ ನನ್ನ ಕಡೆಗೇ ಓಡಿ ಬಂದಳು. ಮಾಮ ಗುಂಡು ಹಾರಿಸಿದ.

ಹತ್ತಿರ ಹೋಗಿ ನೋಡಿದರೆ ಅವಳ ಮೊಲೆಗಳು ತುಂಬಿಕೊಂಡಿದ್ದವು.

"ಮಾಮಾ, ಶಿ ಹ್ಯಾಸ್ ಮಿಲ್ಕ್."

"ಹೌದಲ್ಲ, ಅದಕ್ಕ ಬಂದ್ಲು. ಶಾಣ್ಯಾಕಿ ಅದಿ ನೀ. ಇನ್ನೊಮ್ಮೆ ಊದು, ಗಂಡೂ ಬರ್ತದ."

ನಾನು ಪೀಪಿ ಎಸೆದು ಅಳುತ್ತ ಪಿಕಪ್ಪಿಗೆ ಓಡಿದೆನಂತೆ. ಮಾಮ ಈಗಲೂ ನೆಂಟರೆದುರು ಹೇಳಿ ನಗುತ್ತಾನೆ: "ಇಕಿದು ಹೆಂಗರುಳು." ಆ ಅಳು ನನಗೂ ನೆನಪಿದೆ, ಅಥವಾ ಕೇಳಿ ಕೇಳಿ ನೆನಪಾಗಿದೆ.

ಅಮ್ಮನ ಆಲ್ಬಮ್ಮಿನಲ್ಲಿ ಆ ದಿನದ ಫೋಟೋ ಇದೆ. ಪಿಕಪ್ಪಿನ ಹಿಂಬದಿಯಲ್ಲಿ ಕುಳಿತು ನಗುತ್ತಿದ್ದೇನೆ. ಪೀಪಿ ಕೊರಳಲ್ಲಿ ನೇತಾಡುತ್ತಿದೆ. ನನ್ನ ಕಾಲ ಬಳಿ ಎರಡು ಕಯೋಟಿಗಳು ಬಿದ್ದಿವೆ.