ಉದುರುದುರು ಅನ್ನ

"ಅತ್ತೆ, ಪೂರಾ ಬೂಷ್ಟು ಹಿಡಿದಿದೆ!" ಸಂಶೋಧನೆ ಮಾಡುತ್ತಿದ್ದ ಅಶ್ವಿತಾ, ಸೋದರತ್ತೆ ಗುಣವತಿ ಬೇಯಿಸಿಕೊಟ್ಟಿದ್ದ ಅನ್ನದ ಪ್ಲಾಸ್ಟಿಕ್ ಚೀಲವನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಗುಣವತಿ ಗಾಬರಿಯಿಂದ ಹತ್ತಿರ ಬಂದಳು. ತಾಂಬರಂನ ಹೋಟೆಲಿನಲ್ಲಿ ಮೂವತ್ತು ವರ್ಷ ಅನ್ನ ಬೇಯಿಸಿದವಳು ಅವಳು.

"ಹಾಳಾಯ್ತಾ ಮಾರಾಯ್ತಿ?"

"ಇಲ್ಲತ್ತೆ, ಇದೇ ಬೇಕಿತ್ತು! ಪಲ್ಲಾವರಂ ಕಡೆಯ ಕೆರೆ ಮುಚ್ಚಿರುವ ಅಂತರಗಂಗೆ ಕಳೆಯನ್ನು ಕೊಲ್ಲೋದು ಈ ಬೂಷ್ಟೇ. ಇದನ್ನು ಬೆಳೆಸೋಕೆ ನಾನು ಬೇಯಿಸಿದ ಅನ್ನ ಎರಡು ಸಲವೂ ಮುದ್ದೆಯಾಗಿ ಕೊಳೆತುಹೋಯ್ತು. ಇದೂ ಹೋಗಿದ್ರೆ ನನ್ನ ಪ್ರಯೋಗವೇ ನಿಲ್ತಿತ್ತು. ನಿಮ್ಮ ಉದುರುದುರು ಅನ್ನದಲ್ಲಿ ನೋಡಿ, ಒಂದೊಂದು ಅಗುಳಿಗೂ ಹಬ್ಬಿದೆ."

ಮಂಡಿನೋವೆಂದು ಹೋಟೆಲು ಬಿಟ್ಟ ಮೇಲೆ ಗುಣವತಿಯ ಅನ್ನವನ್ನು ಯಾರೂ ಹೊಗಳಿರಲಿಲ್ಲ. ಮಗ ಸೊಸೆ ಇಬ್ಬರೂ ಚಪಾತಿ ತಿನ್ನುವವರು. ಅವಳು ಚೀಲದ ಮೇಲೆ ಮೆಲ್ಲಗೆ ಕೈಯಾಡಿಸಿದಳು. ಆಮೇಲೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದಳು.

"ಕೆರೆ ಎಷ್ಟು ದೊಡ್ಡದುಂಟು? ಎಷ್ಟು ಜನರ ಅಡಿಗೆ ಅಂತ ಅಕ್ಕಿ ಹಾಕ್ಲಿ, ಅದನ್ನು ಹೇಳು."