ಬೀಗರ ಊರಿನ ಫೌಜು

ಹೊಸ ಹುಣಸೆಹಣ್ಣಿನ ವಾಸನೆ ಬಂದರೆ ಈಗಲೂ ನನಗೆ ಮಾನ್ವಿಯ ಮನೆಯ ಆ ಮಧ್ಯಾಹ್ನ ನೆನಪಾಗುತ್ತದೆ.

ಹೈದರಾಬಾದಿನ ಹಾಸ್ಟೆಲಿನಲ್ಲಿದ್ದ ಅಣ್ಣ ಬೇಸಿಗೆ ರಜೆಗೆ ಹೊಸದೊಂದು ಆಟ ಕಲಿತು ಬಂದಿದ್ದ. ಅವನು ಕಥೆ ಹೇಳಬೇಕು, ನಾನು ಅದರೊಳಗಿನ ರಾಣಿಯಾಗಿ ಆಡಬೇಕು. ಮುಂದೇನಾಗುತ್ತದೆ ಎಂಬುದನ್ನು ದಾಳ ಹೇಳುತ್ತಿತ್ತು. ತಣ್ಣನೆಯ ಪರಸಿ ಕಲ್ಲಿನ ನೆಲದ ಮೇಲೆ ಅಣ್ಣ ಸೀಮೆಸುಣ್ಣದಿಂದ ರಾಕ್ಷಸನ ಕೋಟೆ ಬರೆದ. ಪಕ್ಕದಲ್ಲಿ ಅಜ್ಜಿ ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದಳು. ಆ ಬೀಜಗಳೇ ನಮ್ಮ ಸೈನಿಕರು.

ನನ್ನ ಫೌಜು ಸಣ್ಣದಿತ್ತು. ಸಹಾಯಕ್ಕೆ ಬರಲು ಬೀಗರ ಊರಿಗೆ ಹೇಳಿ ಕಳಿಸಿದೆ. ದಾಳ ಒಲಿಯಿತು, ಇನ್ನೊಂದು ಹಿಡಿ ಬೀಜ ನನ್ನ ಕಡೆ ಬಂದವು.

"ಇವ್ರನ್ನ ಮುಂದ ನಿಲ್ಸು," ಅಂದ ಅಣ್ಣ. "ಸತ್ರೂ ನಿನ್ನ ಮಂದಿ ಉಳೀತಾರ."

ನಿಲ್ಲಿಸಿದೆ. ರಾಕ್ಷಸ ಬೆಂಕಿ ಉಗುಳಿದ. ಅಣ್ಣ ಆ ಬೀಜಗಳನ್ನೆಲ್ಲ ಅಂಗೈಯಿಂದ ಬಳಿದು ಮೂಲೆಗೆ ತಳ್ಳಿದ.

ಅಜ್ಜಿಯ ಕೈ ನಿಂತಿತು.

"ಯಾಕಜ್ಜಿ? ಆಟ ಅದು," ಎಂದು ಅಣ್ಣ ನಕ್ಕ.

"ನನ್ನ ತಮ್ಮನ್ನೂ ಹಿಂಗ ಮುಂದ ನಿಲ್ಸಿದ್ರು," ಅಂದಳು ಅಜ್ಜಿ. "ಹೊಲದ ಬದುವಿನ ಜಗಳ. ಅಕ್ಕನ ಮನಿಯವ್ರು ಕರದಾರಂತ ಚೀಕಲಪರ್ವಿಯಿಂದ ಓಡಿ ಬಂದಿದ್ದ. ಅವಗ ಮೀಸಿ ಸುದ್ದಾ ಮೂಡಿದ್ದಿಲ್ಲ."

"ಯಾರು ನಿಲ್ಸಿದ್ರು ಅಜ್ಜಿ?" ಎಂದು ಕೇಳಿದೆ.

ಅವಳು ಪಡಸಾಲೆಯ ಕಡೆ ನೋಡಿದಳು. ಅಲ್ಲಿ ಹೊರಸಿನ ಮೇಲೆ ಅವಳ ಗಂಡ, ನಮ್ಮ ಮುತ್ಯಾ, ಗೋಡೆಯ ಕಡೆ ಮುಖ ಮಾಡಿ ಮಲಗಿದ್ದ. ಅಷ್ಟು ಹೊತ್ತೂ ಆಡುತ್ತಿದ್ದ ಅವನ ಬೀಸಣಿಗೆ ನಿಂತಿತ್ತು.